ಎರಡಿಂಚು ನೀರು

ಜೂನ್ ತಿಂಗಳು, ಒಂಬತ್ತನೇ ಕ್ಲಾಸು, ಊಟದ ಬೆಲ್ಲಿಗೆ ಇನ್ನೂ ಹತ್ತು ನಿಮಿಷ ಇತ್ತು. ಬೋರ್ಡ್ ಮೇಲೆ ಏಳು ಮೂಲಮಾನ ಬರ್ದು ಮುಗ್ಸಿದ್ದೆ, ಮೀಟರ್, ಕಿಲೋಗ್ರಾಂ, ಸೆಕೆಂಡ್, ಆಂಪಿಯರ್, ಕೆಲ್ವಿನ್, ಮೋಲ್, ಕ್ಯಾಂಡೆಲಾ, ಮಕ್ಳು ಅದನ್ನ ಭಜನೆ ಥರ ಒಂದೇ ರಾಗದಲ್ಲಿ ಹೇಳ್ತಾ ಇದ್ರು. ಆಗ ಕೊನೇ ಬೆಂಚಿನ ಹುಡುಗ ಒಬ್ಬ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡೋನಲ್ಲ.

"ಸಾ, ನಮ್ಮ ಬೋರಲ್ಲಿ ಎರಡಿಂಚು ನೀರೈತೆ. ಲೀಟ್ರಲ್ಲಿ ಎಷ್ಟು ಸಾ?"

ಬೇರೆ ಕಡೆ ಆಗಿದ್ರೆ ಮಕ್ಳು ನಗ್ತಿದ್ರೇನೋ, ನೀರನ್ನ ಇಂಚಲ್ಲಿ ಅಳೀತಾರಾ ಅಂತ. ಚಿಂತಾಮಣಿ ಕಡೆ ಯಾರೂ ನಗಲ್ಲ. ಇಲ್ಲಿ ಯಾರದೋ ತೋಟದಲ್ಲಿ ಬೋರು ಕೊರ್ಸಿದ್ರಂತೆ ಅಂತ ಸುದ್ದಿ ಬಂದ್ರೆ ಕೇಳೋದೇ ಎರಡು ಪ್ರಶ್ನೆ, ಎಷ್ಟಡಿಗೆ, ಎಷ್ಟಿಂಚು. ಆ ಎರಡು ನಂಬರಲ್ಲಿ ಆ ಮನೆಯವ್ರ ಮುಂದಿನ ಹತ್ತು ವರ್ಷ ಗೊತ್ತಾಗೋಗುತ್ತೆ.

ನಾನು ಚಾಕ್‌ಪೀಸ್ ಹಿಡ್ಕೊಂಡು ಸುಮ್ನೆ ನಿಂತಿದ್ದೆ. ಉತ್ತರ ಗೊತ್ತಿರ್ಲಿಲ್ಲ ಅಂತಲ್ಲ. ಇದೇ ಪ್ರಶ್ನೆನ 2011ರಲ್ಲಿ ನಮ್ಮಪ್ಪ ನಂಗೆ ಕೇಳಿದ್ದ, ಆಗ ಏನು ಹೇಳಿದ್ದೆ ಅನ್ನೋದು ಕಣ್ಮುಂದೆ ಬಂತು. "ನಾಳೆ ಹೇಳ್ತೀನಿ ಕೂತ್ಕೊಳೋ" ಅಂದೆ. ಬೆಲ್ ಹೊಡೀತು.

ನಮ್ಮೂರು ಶಿಡ್ಲಘಟ್ಟದ ಹತ್ರ. ನಾನು ಹುಟ್ಟಿದಾಗ ಕೋಲಾರ ಜಿಲ್ಲೆ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು, ಮನೆ ಮಾತ್ರ ಇದ್ದ ಜಾಗದಲ್ಲೇ ಇದೆ. ರೇಷ್ಮೆ ಊರು. ಇಲ್ಲಿ ಅಳತೆಗಳೇ ಬೇರೆ ಲೋಕದ್ದು. "ಈ ಸಲ ನೂರು ಮೊಟ್ಟೆ ಮೇಯ್ಸ್ತಿದ್ದೀವಿ" ಅಂದ್ರೆ ನಮ್ಮ ಸ್ಟಾಫ್ ರೂಮಲ್ಲಿರೋ ಮೈಸೂರು ಕಡೆ ಮೇಷ್ಟ್ರು ನೂರು ಹುಳ ಅಂದ್ಕೊಂಡಿದ್ರು ಪಾಪ. ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನೂರು ಐನೂರು ಇರುತ್ತೆ, ಹಾಗಾಗಿ ನೂರು ಮೊಟ್ಟೆ ಅಂದ್ರೆ ನಲವತ್ತೈವತ್ತು ಸಾವಿರ ಹುಳ, ಒಂದು ಮನೆ ತುಂಬ ಸೊಪ್ಪು ತಿನ್ನೋ ಶಬ್ದ, ಮಳೆ ಬಂದಂಗೆ. ಆಮೇಲೆ ಅದೇ ಗೂಡು ಮಾರ್ಕೆಟ್ಟಿಗೆ ಹೋದ್ರೆ ಕೆಜಿ ಲೆಕ್ಕ, ನೂಲು ಬಿಚ್ಚೋರ ಕೈಗೆ ಹೋದ್ರೆ ಡೆನಿಯರ್, ಅಂದ್ರೆ 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. 9000 ಯಾಕೆ, 10000 ಯಾಕಲ್ಲ ಅಂತ ಯಾರೂ ಕೇಳಲ್ಲ. ನಮ್ಮ ಕಡೆ ಹುಡುಗ್ರು ಮೀಟರ್ರೂ ಗ್ರಾಮೂ ಕಲಿಯೋಕೆ ಮುಂಚೆನೇ ಇಷ್ಟೆಲ್ಲ ತಲೇಲಿ ಇಟ್ಕೊಂಡಿರ್ತಾರೆ, ನಾವು ಮೇಷ್ಟ್ರುಗಳು ಹೋಗಿ ಅದೆಲ್ಲ ತಪ್ಪು, ಇದು ಬರ್ಕೊಳ್ಳಿ ಅಂತೀವಿ.

ಅಜ್ಜಿ ಹತ್ರ ಒಂದು ಹಿತ್ತಾಳೆ ಪಾವು, ಒಂದು ಅಚ್ಚೇರು, ಒಂದು ಸೇರು ಇತ್ತು. ನಾಲ್ಕು ಚಟಾಕಿಗೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು, ಇದು ನಂಗೆ ಮಗ್ಗಿಗಿಂತ ಮೊದ್ಲು ಬಂದಿದ್ದು. ರಾಗಿ ಅಳೆಯೋವಾಗ ಅಜ್ಜಿ "ಒಂದು" ಅಂತಿರ್ಲಿಲ್ಲ, "ಲಾಭ" ಅಂತ ಶುರು ಮಾಡಿ ಎರಡು, ಮೂರು ಅಂತ ಹೋಗ್ತಿದ್ಲು. ಅದಲ್ಲ ವಿಷ್ಯ. ಸೇರು ಒಂದೇ ಆದ್ರೂ ಅಳತೆ ಎರಡಿತ್ತು. ಅಂಚಿನ ಸಮಕ್ಕೆ ಕೈಯಲ್ಲಿ ಸವರಿ ಕೊಡೋದು ಒಂದು, ಮೇಲೆ ಗೋಪುರ ನಿಲ್ಲೋವರ್ಗೂ ಸುರಿಯೋದು ಇನ್ನೊಂದು. ಊರಲ್ಲಿ ಕೆಲವ್ರು ಕೂಲಿಗೆ ಕೊಡೋವಾಗ ಸವರೋರು, ಕೊಟ್ಟ ಸಾಲ ವಾಪಸ್ ತಗೊಳ್ಳೋವಾಗ ಗೋಪುರ ಕೇಳೋರು. ಸೇರಿನ ಮೇಲೆ ಮುದ್ರೆ ಇದ್ರೆ ಏನು ಬಂತು, ಗೋಪುರದ ಮೇಲೆ ಮುದ್ರೆ ಹಾಕೋಕಾಗುತ್ತಾ?

ಇದೇ ಜಗಳ ಫ್ರಾನ್ಸಲ್ಲೂ ನಡೀತಿತ್ತು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1789ರ ಕ್ರಾಂತಿ ಮುಂಚೆ ರೈತ್ರು ಬರ್ದ ದೂರುಗಳಲ್ಲಿ ಜಮೀನ್ದಾರನ ಅಳತೆ ಪಾತ್ರೆ ದೊಡ್ದು, ಅವ್ನು ರಾಶಿ ಮಾಡಿ ಅಳ್ಕೊಳ್ತಾನೆ ಅನ್ನೋ ಗೋಳು ತುಂಬ ಇತ್ತು. ಊರಿಗೊಂದು ಅಳತೆ. ಅದಕ್ಕೇ ಅವ್ರು ಯಾವ ರಾಜನ ಕಾಲೂ ಬೇಡ, ಯಾವ ಊರಿನ ಕೋಲೂ ಬೇಡ, ಭೂಮಿನೇ ಅಳತೆಗೋಲು ಮಾಡ್ಕೊಳ್ಳೋಣ, ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರ್ಗೂ ಇರೋ ದೂರದಲ್ಲಿ ಒಂದು ಕೋಟಿ ಪಾಲು ಮಾಡಿ ಅದ್ರಲ್ಲಿ ಒಂದು ಪಾಲಿಗೆ ಮೀಟರ್ ಅನ್ನೋಣ ಅಂತ 1791ರಲ್ಲಿ ತೀರ್ಮಾನ ಮಾಡಿದ್ರು. ಪುಸ್ತಕದಲ್ಲಿ ಇದು ಒಂದು ಸಾಲು ಇರುತ್ತೆ. ಅಜ್ಜಿ ಸೇರು ತೋರ್ಸಿ ಇದನ್ನ ಹೇಳಿದ್ರೆ ನಲವತ್ತು ನಿಮಿಷ ಕ್ಲಾಸು ಸಾಕಾಗಲ್ಲ.

ನಮ್ಮಲ್ಲಿ ನಾಣ್ಯ ಮೊದ್ಲು ಬದಲಾಯ್ತು, 1957 ಏಪ್ರಿಲ್ 1ಕ್ಕೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ತೂಕ 1958ರಿಂದ ಶುರುವಾಗಿ 1962ರ ಹೊತ್ತಿಗೆ ಕಾನೂನಿನ ಪ್ರಕಾರ ಸೇರು ಮಣ ಎಲ್ಲ ಮುಗೀತು. ಅಜ್ಜಿಗೆ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ.

ಅಡಿ, ಇಂಚು, ಎಕರೆ ಮಾತ್ರ ಇವತ್ತಿಗೂ ಗಟ್ಟಿಯಾಗಿ ಕೂತಿದೆ. ಪಹಣಿ ತೆಗೆದು ನೋಡಿ, ವಿಸ್ತೀರ್ಣದ ಕಾಲಮ್ಮಲ್ಲಿ 2.10 ಅಂತಿರುತ್ತೆ. ಕ್ಯಾಲ್ಕುಲೇಟರ್ ಹಿಡಿದ ಹುಡುಗ ಎರಡು ಪಾಯಿಂಟ್ ಒಂದು ಎಕರೆ ಅಂತಾನೆ. ಅಲ್ಲ, ಎರಡೆಕರೆ ಹತ್ತು ಗುಂಟೆ ಅದು. ಎಕರೆಗೆ 40 ಗುಂಟೆ, ಹಾಗಾಗಿ ದಶಮಾಂಶದಲ್ಲಿ 2.25. ಅಲ್ಲಿರೋ ಚುಕ್ಕಿ ಗಣಿತದ ಚುಕ್ಕಿನೇ ಅಲ್ಲ, ಕ್ರಿಕೆಟ್ಟಲ್ಲಿ 18.5 ಓವರ್ ಆದ್ಮೇಲೆ ಒಂದು ಬಾಲ್ ಹಾಕಿದ್ರೆ 19 ಆಗುತ್ತಲ್ಲ ಹಂಗೆ, ಇಲ್ಲಿ 1.39 ಆದ್ಮೇಲೆ 2.00. ಈ ಉದಾಹರಣೆ ಕೊಟ್ರೆ ಹುಡುಗ್ರಿಗೆ ತಕ್ಷಣ ಅರ್ಥ ಆಗುತ್ತೆ, ಹುಡುಗೀರಿಗೆ ಇನ್ನೂ ಬೇಗ ಅರ್ಥ ಆಗುತ್ತೆ, ಯಾಕಂದ್ರೆ ನಮ್ಮ ಕ್ಲಾಸಲ್ಲಿ ಸ್ಕೋರ್ ಬರ್ಕೊಳ್ಳೋರು ಅವ್ರೇ.

ಈಗ ಬೋರಿಗೆ ಬರ್ತೀನಿ.

2009ರಲ್ಲಿ ನಮ್ಮ ತೋಟದಲ್ಲಿ ಬೋರು ಹಾಕ್ಸಿದ್ದು. ಅದಕ್ಕೆ ಮುಂಚೆ ಎರಡು ಫೇಲಾಗಿತ್ತು. ತೆಂಗಿನಕಾಯಿ ಅಂಗೈಲಿ ಇಟ್ಕೊಂಡು ಪಾಯಿಂಟ್ ನೋಡೋರು ಬಂದು ಗುರುತು ಹಾಕಿ ಹೋಗಿದ್ರು, ಆ ವಿಷ್ಯ ಬಿಡಿ, ಅದರ ಬಗ್ಗೆ ಬರೆದ್ರೆ ಊರಿಗೆ ಹೋಗೋಕಾಗಲ್ಲ. ರಿಗ್ ಲಾರಿ ಸಾಯಂಕಾಲ ಬಂತು, ರಾತ್ರಿಯೆಲ್ಲ ಕೊರೆದ್ರು. ಮೊದಲು ಕಲ್ಲಿನ ಧೂಳು, ಮೈದಾಹಿಟ್ಟಿನ ಥರ, ಮರ ಗಿಡ ಎಲ್ಲ ಬೆಳ್ಳಗೆ. ಒಂದೊಂದು ರಾಡು ಇಳಿದಾಗ್ಲೂ ಅಪ್ಪ ಬಾಯೊಳಗೇ ಎಣಿಸ್ತಿದ್ದ, ಅಡಿಗಿಷ್ಟು ಅಂತ ದುಡ್ಡು. ಸಾವಿರ ದಾಟಿದ್ಮೇಲೆ ಎಣಿಸೋದು ಬಿಟ್ಟ. 1180 ಅಡಿಗೆ ಕೆಸರು ಹಾರೋಕೆ ಶುರುವಾಯ್ತು, ಆಮೇಲೆ ನೀರು. ಎಲ್ರೂ ನೆಂದ್ವಿ. ಅಮ್ಮ ಅರಿಶಿನ ಕುಂಕುಮ ತರೋಕೆ ಓಡಿದ್ಲು.

ಬೆಳಕು ಹರಿದ್ಮೇಲೆ ರಿಗ್ಗಿನೋನು ಬೋರಿನ ಸುತ್ತ ಕೆಸರಿನ ಕಟ್ಟೆ ಕಟ್ಟಿ, ಒಂದು ಕಡೆ ತಗಡು ನಿಲ್ಸಿದ. ಆ ತಗಡಿನ ನಡುವೆ ವಿ ಆಕಾರದಲ್ಲಿ ಕತ್ತರಿಸಿದ ಕಟ್ಟು. ವಿ ನಾಚ್ ಅಂತಾರೆ. ಕಂಪ್ರೆಸರ್ ಗಾಳಿ ಬಿಟ್ಟಾಗ ಮೇಲೆ ಬಂದ ನೀರೆಲ್ಲ ಆ ಕಟ್ಟಿನಲ್ಲೇ ಹರಿದು ಹೋಗ್ಬೇಕು, ಕಟ್ಟಿನ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತೆ ಅಂತ ಸ್ಕೇಲಿಟ್ಟು ನೋಡಿ "ಎರಡಿಂಚು ಯಜಮಾನ್ರೇ" ಅಂದ. ಅಷ್ಟೇ. ಅಪ್ಪ ಅವ್ನಿಗೆ ಟವಲ್ಲು ಹೊದ್ಸಿದ.

ಎರಡು ವರ್ಷ ಒಂದೂವರೆ ಎಕರೆ ಹಿಪ್ಪುನೇರಳೆ ಚೆನ್ನಾಗಿ ನಡೀತು. 2011ರ ಬೇಸಿಗೆ ಹೊತ್ತಿಗೆ ಮೋಟ್ರು ಗಾಳಿ ಎಳಿಯೋಕೆ ಶುರು ಮಾಡ್ತು. ಕರೆಂಟಿನ ಆಟದಲ್ಲಿ ನೀರು ಕಮ್ಮಿನೋ ವೋಲ್ಟೇಜ್ ಕಮ್ಮಿನೋ ಗೊತ್ತಾಗ್ತಿರ್ಲಿಲ್ಲ. ಫ್ಲಶಿಂಗ್ ಮಾಡ್ಸಿದ್ವಿ, ಅಂದ್ರೆ ಕಂಪ್ರೆಸರ್ ಗಾಳಿ ಬಿಟ್ಟು ಬೋರು ತೊಳೆಯೋದು. ಅದೇ ಥರ ತಗಡು ಇಟ್ಟು ನೋಡಿ, "ಒಂದಿಂಚಿಗೆ ಇಳಿದಿದೆ" ಅಂದ್ರು.

ನಾನಾಗ ಬಿಎಸ್ಸಿ ಎರಡನೇ ವರ್ಷ. ಫಿಸಿಕ್ಸು. ಭಾನುವಾರ ಮನೆಗೆ ಬಂದಿದ್ದೆ, ಅಪ್ಪ ತೋಟದ ಬದುವಿನ ಮೇಲೆ ಕೂತ್ಕೊಂಡು ಕೇಳಿದ. "ಏನೋ, ಸೈನ್ಸು ಓದ್ತೀಯಲ್ಲ, ಎರಡಿಂಚಿದ್ದಿದ್ದು ಒಂದಾಗಿದೆ. ಅರ್ಧ ತೋಟಕ್ಕೆ ಸಾಕಾಗುತ್ತಾ, ಲೀಟ್ರು ಲೆಕ್ಕ ಹಾಕಿ ನೋಡು. ಐವತ್ತು ಮೊಟ್ಟೆ ಚಾಕಿಗೆ ಹೇಳ್ಬೇಕು ಅಂತಿದ್ದೀನಿ." ಚಾಕಿ ಅಂದ್ರೆ ಮೊಟ್ಟೆಯೊಡೆದು ಬಂದ ಎಳೇ ಹುಳ.

ನಾನು ಏನಂದೆ ಅಂತ ಒಂದಕ್ಷರ ಬಿಡದೆ ನೆನಪಿದೆ. "ಅಪ್ಪ, ಇಂಚು ಅನ್ನೋದು ಉದ್ದದ ಮಾನ. ಹರಿವು ಅಂದ್ರೆ ಘನಮೀಟರ್ ಪರ್ ಸೆಕೆಂಡ್. ನೀರನ್ನ ಇಂಚಲ್ಲಿ ಅಳಿಯೋದೇ ತಪ್ಪು." ಆ ವಾರ ಕ್ಲಾಸಲ್ಲಿ ಆಯಾಮ ವಿಶ್ಲೇಷಣೆ ಮುಗಿದಿತ್ತು, ಅದರ ಗುಂಗು. ಅಪ್ಪ ಅದಕ್ಕೆ "ಸರಿ ಕಣಪ್ಪ ತಪ್ಪೇ ಇರ್ಲಿ, ಅರ್ಧ ಆಗುತ್ತೋ ಇಲ್ವೋ" ಅಂದ. "ಎರಡು ಒಂದಾದ್ರೆ ಅರ್ಧ ಅಲ್ದೆ ಇನ್ನೇನು" ಅಂದೆ.

ಐವತ್ತು ಮೊಟ್ಟೆ ತಂದ್ರು. ಅರ್ಧ ತೋಟ ಒಣಗಕ್ಕೆ ಬಿಟ್ಟು ಇನ್ನರ್ಧಕ್ಕೆ ನೀರು ಕಟ್ಟಿದ್ರು. ಹುಳ ಸಣ್ಣದಿದ್ದಾಗ ಸೊಪ್ಪು ಎಷ್ಟು ಬೇಕು ಅಂತ ತಿಳಿಯೋದೇ ಇಲ್ಲ, ಮೇವಿನಲ್ಲಿ ಹೆಚ್ಚೂ ಕಮ್ಮಿ ಹತ್ತರಲ್ಲಿ ಎಂಟು ಪಾಲು ತಿನ್ನೋದು ನಾಲ್ಕನೇ ಜ್ವರ, ಅಂದ್ರೆ ಹುಳ ಮೇವು ಬಿಟ್ಟು ಪೊರೆ ಕಳಚೋದು, ಅದು ಎದ್ದ ಮೇಲಿನ ಏಳೆಂಟು ದಿನದಲ್ಲೇ. ಅಷ್ಟೊತ್ತಿಗೆ ಗಿಡದಲ್ಲಿ ಸೊಪ್ಪು ಬಾಡಿ ಹಳದಿ ತಿರುಗಿತ್ತು. ಅರ್ಧ ತೋಟಕ್ಕೂ ನೀರು ಸಾಕಾಗಿರ್ಲಿಲ್ಲ. ಪಕ್ಕದೂರಿಂದ ಹೊರೆ ಲೆಕ್ಕದಲ್ಲಿ ಸೊಪ್ಪು ತಂದ್ರು, ಟೆಂಪೋ ಬಾಡಿಗೆ ಬೇರೆ. ಆ ಬೆಳೆಗೆ ಗೂಡಿಂದ ಬಂದ ದುಡ್ಡಿಗಿಂತ ಸೊಪ್ಪಿಗೆ ಕೊಟ್ಟ ದುಡ್ಡೇ ಜಾಸ್ತಿ ಆಯ್ತು. ಅಪ್ಪ ನಂಗೇನೂ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.

ಮಾರನೇ ವರ್ಷ ಚಿಕ್ಕಬಳ್ಳಾಪುರದಲ್ಲಿ ರೂಮ್ ಮಾಡ್ಕೊಂಡಿದ್ವಿ, ಜೊತೆಗಿದ್ದೋನು ಸಿವಿಲ್ ಡಿಪ್ಲೊಮಾ ಹುಡುಗ. ಒಂದಿನ ರಾತ್ರಿ ಅವ್ನು ಲ್ಯಾಬ್ ರೆಕಾರ್ಡ್ ಬರೀತಿದ್ದ. ಪುಟದಲ್ಲಿ ಚಿತ್ರ, ತಗಡು, ನಡುವೆ ವಿ ಕಟ್ಟು. ಇದು ನಮ್ಮ ರಿಗ್ಗಿನೋನ ತಗಡಲ್ವಾ ಅಂತ ಬಗ್ಗಿ ನೋಡ್ದೆ. ಕೆಳಗೆ ಸೂತ್ರ ಇತ್ತು, ಹರಿವು ಅನ್ನೋದು ಎತ್ತರದ ಎರಡೂವರೆ ಘಾತಕ್ಕೆ ಅನುಪಾತದಲ್ಲಿರುತ್ತೆ ಅಂತ. ಎರಡೂವರೆ! ಒಂದಲ್ಲ.

ಇದು ಯಾಕೆ ಅಂತ ಈಗ ಮಕ್ಳಿಗೆ ಹೇಳೋ ಥರನೇ ಹೇಳ್ತೀನಿ. ವಿ ಕಟ್ಟಿನಲ್ಲಿ ನೀರು ಒಂದಿಂಚು ನಿಂತಿದೆ ಅಂದ್ಕೊಳ್ಳಿ. ಎರಡಿಂಚಿಗೆ ಏರಿದ್ರೆ ಎತ್ತರ ಮಾತ್ರ ಎರಡು ಪಟ್ಟಾಗಲ್ಲ, ಕಟ್ಟು ಮೇಲೆ ಹೋದಂಗೆ ಅಗಲ ಆಗುತ್ತಲ್ಲ, ಅಗಲನೂ ಎರಡು ಪಟ್ಟಾಗುತ್ತೆ. ಹಾಗಾಗಿ ನೀರು ಹರಿಯೋ ಬಾಯಿ ನಾಲ್ಕು ಪಟ್ಟು. ಅಷ್ಟೇ ಅಲ್ಲ, ಮೇಲೆ ನೀರು ಜಾಸ್ತಿ ನಿಂತಷ್ಟೂ ಕೆಳಗಿನ ನೀರನ್ನ ಜೋರಾಗಿ ತಳ್ಳುತ್ತೆ, ಟ್ಯಾಂಕ್ ತುಂಬಿದ್ದಾಗ ನಲ್ಲಿ ಜೋರಾಗಿ ಬರೋ ಹಂಗೆ. ಈ ವೇಗ ಎತ್ತರದ ವರ್ಗಮೂಲದಷ್ಟು ಏರುತ್ತೆ, ಎರಡು ಪಟ್ಟು ಎತ್ತರಕ್ಕೆ 1.41 ಪಟ್ಟು ವೇಗ. ನಾಲ್ಕನ್ನ 1.41ರಿಂದ ಗುಣಿಸಿ, 5.66 ಹತ್ರ ಬರುತ್ತೆ. ತೊಂಬತ್ತು ಡಿಗ್ರಿ ಕಟ್ಟಿನಲ್ಲಿ ಒಂದಿಂಚು ಅಂದ್ರೆ ನಿಮಿಷಕ್ಕೆ ಸುಮಾರು ಎಂಟೂವರೆ ಲೀಟರ್. ಎರಡಿಂಚು ಅಂದ್ರೆ 48 ಲೀಟರ್. ಮೂರಿಂಚು ಅಂದ್ರೆ 133.

ನಮ್ಮ ಬೋರು ಅರ್ಧಕ್ಕೆ ಇಳಿದಿರ್ಲಿಲ್ಲ. ಐದರಲ್ಲಿ ಒಂದು ಪಾಲೂ ಉಳಿದಿರ್ಲಿಲ್ಲ. ಆರು ಗಂಟೆ ತ್ರೀಫೇಸ್ ಕರೆಂಟಲ್ಲಿ ಮೊದ್ಲು 17 ಸಾವಿರ ಲೀಟರ್ ಬರ್ತಿದ್ದದ್ದು ಆಗ ಮೂರು ಸಾವಿರ. ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ, ರಿಗ್ಗಿನೋನ ಅಳತೆನೂ ಸರಿ, ತಗಡು ಸರಿ, ಇಂಚೂ ಸರಿ. ಮಧ್ಯದಲ್ಲಿ ನಿಂತಿದ್ದ ಫಿಸಿಕ್ಸ್ ವಿದ್ಯಾರ್ಥಿನೇ ತಪ್ಪು. ಇಂಚು ಉದ್ದದ ಮಾನ ಅನ್ನೋದು ಗೊತ್ತಿತ್ತು, ಥರ್ಮಾಮೀಟರಲ್ಲಿ ಪಾದರಸದ ಉದ್ದ ನೋಡಿ ಜ್ವರ ಹೇಳ್ತೀವಿ ಅನ್ನೋದೂ ಗೊತ್ತಿತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಬುದ್ಧಿ ಇರ್ಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ. ಮಾರನೇ ವಾರ ಊರಿಗೆ ಹೋದಾಗ್ಲೂ ಹೇಳ್ಲಿಲ್ಲ. ಆಮೇಲೆ ಬಿಎಡ್, ಕೆಲ್ಸ, ಮದ್ವೆ, ಅದು ಹಂಗೇ ಕೆಳಗೆ ಹೋಯ್ತು.

ಮೀಟರಿನ ಕಥೆಯಲ್ಲಿ ಮೆಷೆನ್ ಅಂತ ಒಬ್ಬ ಖಗೋಳಜ್ಞ ಬರ್ತಾನೆ. ಭೂಮಿ ಅಳೆಯೋಕೆ ಅಂತ 1792ರಲ್ಲಿ ಇಬ್ರು ಹೊರಟ್ರು, ಡೆಲಾಂಬ್ರ್ ಉತ್ತರದ ಡನ್‌ಕರ್ಕ್ ಕಡೆಯಿಂದ, ಮೆಷೆನ್ ದಕ್ಷಿಣದ ಬಾರ್ಸಿಲೋನಾ ಕಡೆಯಿಂದ. ಯುದ್ಧ, ಕ್ರಾಂತಿ, ಗೂಢಚಾರರು ಅಂತ ಹಿಡಿದು ಹಾಕೋರು, ಒಂದು ವರ್ಷದ ಕೆಲ್ಸ ಅಂದ್ಕೊಂಡಿದ್ದು ಆರೇಳು ವರ್ಷ ಹಿಡೀತು. ಮೆಷೆನ್ ಬಾರ್ಸಿಲೋನಾದಲ್ಲಿ ಎರಡು ಜಾಗದಿಂದ ನಕ್ಷತ್ರ ನೋಡಿ ಅಕ್ಷಾಂಶ ಲೆಕ್ಕ ಹಾಕ್ದ, ಎರಡಕ್ಕೂ ತಾಳೆ ಆಗ್ಲಿಲ್ಲ, ಮೂರು ಸೆಕೆಂಡಿನಷ್ಟು ವ್ಯತ್ಯಾಸ, ಗಡಿಯಾರದ ಸೆಕೆಂಡಲ್ಲ, ಕೋನದ್ದು, ಒಂದು ಡಿಗ್ರಿನ 3600 ಭಾಗ ಮಾಡಿದ್ರೆ ಅದ್ರಲ್ಲಿ ಮೂರು ಭಾಗ. ಅದನ್ನ ಯಾರಿಗೂ ಹೇಳ್ದೆ ಮುಚ್ಚಿಟ್ಟ. 1799ರಲ್ಲಿ ಪ್ಲಾಟಿನಂ ಮೀಟರ್ ಸಿದ್ಧ ಆಯ್ತು, ಎಲ್ರೂ ಹೊಗಳಿದ್ರು, ಅವ್ನು ಒಳಗೊಳಗೇ ಕೊರಗಿ ಮತ್ತೆ ಅಳೀತೀನಿ ಅಂತ ಸ್ಪೇನಿಗೆ ಹೋಗಿ 1804ರಲ್ಲಿ ಹಳದಿ ಜ್ವರಕ್ಕೆ ಸತ್ತ. ಅವ್ನ ಕಾಗದಗಳಲ್ಲಿ ಆ ಗುಟ್ಟು ಸಿಕ್ಕಿದ್ದು ಡೆಲಾಂಬ್ರನ ಕೈಗೆ. ಆ ಮೀಟರ್ ಅಂದ್ಕೊಂಡಿದ್ದಕ್ಕಿಂತ 0.2 ಮಿಲಿಮೀಟರ್ ಗಿಡ್ಡ ಅಂತ ಆಮೇಲೆ ಗೊತ್ತಾಯ್ತು, ಅದಕ್ಕೆ ಮುಖ್ಯ ಕಾರಣ ಮೆಷೆನ್ ಅಲ್ಲವೇ ಅಲ್ಲ, ಭೂಮಿ ಅವ್ರು ಲೆಕ್ಕ ಹಾಕಿದ್ದಷ್ಟು ನುಣುಪಾದ ಗುಂಡಾಗಿಲ್ಲ ಅಷ್ಟೇ. ಇದನ್ನ ಓದ್ದಾಗೆಲ್ಲ ನಂಗೆ ನಮ್ಮ ತೋಟದ ಬದು ನೆನಪಾಗುತ್ತೆ.

ಒಂದು ನಂಬರ್ ಎರಡು ಪಟ್ಟಾದ್ರೆ ಅದರ ಹಿಂದಿರೋ ವಸ್ತುನೂ ಎರಡು ಪಟ್ಟಾಗುತ್ತೆ ಅನ್ನೋದು ಎಷ್ಟು ಆಳವಾಗಿ ಕೂತಿದೆ ಅಂದ್ರೆ, ಓದಿದೋರೂ ಹಂಗೇ ಯೋಚ್ನೆ ಮಾಡೋದು. ಕೆಆರ್‌ಎಸ್ ಪೂರ್ತಿ ಮಟ್ಟ 124.8 ಅಡಿ. ನೂರಡಿ ಇದೆ ಅಂತ ಟೀವೀಲಿ ಬಂದ್ರೆ ಐದರಲ್ಲಿ ನಾಲ್ಕು ಪಾಲು ಇದೆ ಅಂತ ನಿಟ್ಟುಸಿರು ಬಿಡ್ತೀವಿ, ನಿಜವಾಗಿ ನೀರು ಅರ್ಧಕ್ಕಿಂತ ಕಮ್ಮಿ ಇರುತ್ತೆ, ಯಾಕಂದ್ರೆ ಕಣಿವೆನೂ ಒಂದು ಥರ ವಿ ಕಟ್ಟೇ. ನಮ್ಮ ಎರಡು ಜಿಲ್ಲೆಗೆ ನೀರಿನ ಭರವಸೆಗಳು ಬರೋದೂ ಬೇರೆ ಬೇರೆ ಮಾನದಲ್ಲಿ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೊಡೋ ಕೆಸಿ ವ್ಯಾಲಿ 440 ಎಂಎಲ್‌ಡಿ, ಪಶ್ಚಿಮ ಘಟ್ಟದಿಂದ ತರೋ ಎತ್ತಿನಹೊಳೆ 24 ಟಿಎಂಸಿ. ಮೊದಲನೇದು ದಿನಕ್ಕಿಷ್ಟು ದಶಲಕ್ಷ ಲೀಟರ್ ಅನ್ನೋ ಲೆಕ್ಕ, ಎರಡನೇದು ವರ್ಷಕ್ಕಿಷ್ಟು ಸಾವಿರ ದಶಲಕ್ಷ ಘನ ಅಡಿ ಅನ್ನೋದು. ಜಗಳ ಆಡೋ ಇಬ್ರಿಗೂ ಯಾವುದು ದೊಡ್ಡದು ಅಂತ ಗೊತ್ತಿರಲ್ಲ. ಒಂದು ಟಿಎಂಸಿ ಅಂದ್ರೆ ಸುಮಾರು 2831 ಕೋಟಿ ಲೀಟರ್, ಹೇಳಿದ 440 ಎಂಎಲ್‌ಡಿ ಪೂರ್ತಿ ಹರಿದ್ರೆ 64 ದಿನಕ್ಕೆ ಒಂದು ಟಿಎಂಸಿ ಆಗುತ್ತೆ. ಟೀ ಅಂಗಡೀಲಿ ಇದನ್ನ ಹೇಳಿ ನಾನು ಎರಡೂ ಪಕ್ಷದೋರ ಹತ್ರ ಬೈಸ್ಕೊಂಡಿದ್ದೀನಿ.

ಎಸ್‌ಐ ಮಾನಗಳ ಸುಖ ಇರೋದು ಹತ್ತು ನೂರು ಸಾವಿರ ಅಂತ ಸೊನ್ನೆ ಹಾಕೋದ್ರಲ್ಲಿ ಅಂತ ಎಲ್ಲಾ ಮೇಷ್ಟ್ರುಗಳೂ ಹೇಳ್ತಾರೆ, ನಂಗೆ ಹಂಗನ್ಸಲ್ಲ. ಸೊನ್ನೆಲಿ ಮಕ್ಳು ಜಾಸ್ತಿನೇ ಎಡವ್ತಾರೆ. ಸಣ್ಣ ಎಮ್ ಬರೆದ್ರೆ ಸಾವಿರದಲ್ಲಿ ಒಂದು ಪಾಲು, ದೊಡ್ಡ ಎಮ್ ಬರೆದ್ರೆ ಹತ್ತು ಲಕ್ಷ, ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ, ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋದೇ ಇಲ್ಲ, ನಮ್ಮ ಮಕ್ಳು ಹೆಂಗೆ ನೆನಪಿಟ್ಕೊಳ್ಬೇಕು? ಸುಖ ಇರೋದು ಬೇರೆ ಕಡೆ, ಒಂದು ಮಾನದಿಂದ ಇನ್ನೊಂದಕ್ಕೆ ನಡುವೆ ಸುಂಕದ ಗೇಟಿಲ್ಲದೆ ಹೋಗ್ಬಹುದು, ಅದ್ರಲ್ಲಿ. ನಮ್ಮ ಬೋರನ್ನೇ ತಗೊಳ್ಳಿ. ನೀರು ಹೆಚ್ಚೂ ಕಮ್ಮಿ 360 ಮೀಟರ್ ಕೆಳಗಿಂದ ಬರ್ಬೇಕು. ನಿಮಿಷಕ್ಕೆ 48 ಲೀಟರ್ ಅಂದ್ರೆ ಸೆಕೆಂಡಿಗೆ 0.8 ಲೀಟರ್, ಲೀಟರ್ ನೀರು ಕೆಜಿ ತೂಗುತ್ತೆ, ಹಾಗಾಗಿ 0.8 ಕೆಜಿ. 0.8 ಇಂಟು 9.8 ಇಂಟು 360, ಸುಮಾರು 2820. ಅದೇ ವ್ಯಾಟ್. ಎಲ್ಲೂ ಪರಿವರ್ತನೆ ಟೇಬಲ್ ನೋಡ್ಲಿಲ್ಲ. ಎಚ್‌ಪಿ ಬೇಕು ಅಂದ್ರೆ ಕೊನೇಲಿ ಒಂದ್ಸಲ 746ರಿಂದ ಭಾಗ್ಸಿ, 3.8 ಎಚ್‌ಪಿ, ಪೈಪು ಪಂಪು ಮೋಟ್ರಲ್ಲಿ ಅರ್ಧಕ್ಕಿಂತ ಹೆಚ್ಚು ಪೋಲಾಗುತ್ತೆ ಅಂತಿಟ್ಕೊಂಡ್ರೆ ನಮ್ಮ ತೋಟದಲ್ಲಿ ಹತ್ತು ಎಚ್‌ಪಿ ಮೋಟ್ರು ಯಾಕಿದೆ ಅಂತ ಗೊತ್ತಾಗೋಯ್ತು. ಈ ಲೆಕ್ಕ ಮೊದಲ ಸಲ ಮಾಡ್ದಾಗ ನಂಗೆ ಮೈ ಜುಂ ಅಂದಿತ್ತು, ನಿಜವಾಗ್ಲೂ.

ಹುಡುಗ ಕೇಳಿದ ಪ್ರಶ್ನೆಗೆ ಮಾರನೇ ದಿನ ಬೋರ್ಡ್ ಮೇಲೆ 48 ಅಂತ ಬರ್ದು ಮುಗಿಸ್ಬಹುದಿತ್ತು. ಬರೀಲಿಲ್ಲ. ಶನಿವಾರ ಬೆಳಗಿನ ಸ್ಕೂಲ್ ಬಿಟ್ಮೇಲೆ ಹೆಡ್ಮಾಸ್ಟರ್ ಹತ್ರ ಹೇಳಿ ಹದಿನಾಲ್ಕು ಜನ ಅವ್ನ ತೋಟಕ್ಕೆ ಹೋದ್ವಿ. ಎಣ್ಣೆ ಡಬ್ಬದ ತಗಡು, ತೊಂಬತ್ತು ಡಿಗ್ರಿ ಕಟ್ಟು, ಮೂಲೆಮಟ್ಟ ಇಟ್ಟು ಒಬ್ಳು ಗೀಟು ಹಾಕಿದ್ಲು, ಕತ್ತರಿಸಿದ್ದು ನಾನು, ಕೈ ಕುಯ್ದುಕೊಂಡಿದ್ದೂ ನಾನೇ. ತೊಟ್ಟಿಯಿಂದ ಹೊರಗೆ ಹೋಗೋ ಕಾಲುವೆಗೆ ಅಡ್ಡ ಇಟ್ಟು ಸುತ್ತ ಜೇಡಿಮಣ್ಣು ಮೆತ್ತಿದ್ವಿ. ಬಕೆಟ್ಟಿಗೆ ಲೀಟರ್ ಬಾಟಲಲ್ಲಿ ಹತ್ತು ಸಲ ಸುರಿದು ಗುರುತು ಹಾಕಿದ್ವಿ, ಬಕೆಟ್ ಮೇಲೆ ಬರ್ದಿರೋ ನಂಬರ್ ನಂಬಬಾರ್ದು.

ಮೊದಲನೇ ಸುತ್ತು ಪೂರ್ತಿ ಹಾಳಾಯ್ತು. ಸ್ಕೇಲನ್ನ ಕಟ್ಟಿನ ಬಾಯಿಗೇ ಇಟ್ಟು ಓದಿದ್ವಿ. ಅಲ್ಲಿ ನೀರು ಬೀಳೋ ಭರದಲ್ಲಿ ಬಾಗಿರುತ್ತೆ, ನಿಜವಾದ ಎತ್ತರಕ್ಕಿಂತ ಕಮ್ಮಿ ತೋರ್ಸುತ್ತೆ, ಒಂದು ಗೇಣು ಹಿಂದೆ ನೀರು ನಿಂತ ಕಡೆ ನೋಡ್ಬೇಕು. ನಂಗೆ ಗೊತ್ತಿದ್ದೂ ಮರ್ತಿದ್ದೆ. ಸರಿ ಮಾಡ್ಕೊಂಡು ಗೇಟ್ ವಾಲ್ ತಿರುಗ್ಸಿ ನೀರನ್ನ ಎರಡು ಸೆಂಟಿಮೀಟರಿಗೆ ನಿಲ್ಸಿದ್ವಿ. ಹತ್ತು ಲೀಟರ್ ತುಂಬೋಕೆ 129 ಸೆಕೆಂಡ್, ಇನ್ನೊಂದ್ಸಲ 134, ಮತ್ತೊಂದ್ಸಲ 126. ಯಾವ್ದು ಸರಿ ಸಾ ಅಂದ್ರು. ಮೂರೂ ಬರ್ಕೊಳ್ಳಿ ಅಂದೆ, ತಾಳೆ ಆಗದಿದ್ದನ್ನ ಅಳಿಸಬೇಡಿ ಅಂತ ಎರಡೆರಡು ಸಲ ಹೇಳ್ದೆ. ಆಮೇಲೆ ನಾಲ್ಕು ಸೆಂಟಿಮೀಟರ್. 24, 23, 24. ಗೀಟು ಹಾಕಿದ್ದ ಹುಡುಗಿ ನೋಟ್‌ಬುಕ್ಕಲ್ಲಿ ಭಾಗ್ಸಿ ಸ್ವಲ್ಪ ಹೊತ್ತು ಸುಮ್ನಿದ್ಲು. "ಸಾ, ಎರಡು ಪಟ್ಟಲ್ಲ. ಐದೂವರೆ ಪಟ್ಟು ಬರ್ತಿದೆ. ತಪ್ಪಾಗೈತಾ?"

ಕೊನೆಗೆ ವಾಲ್ ಪೂರ್ತಿ ಬಿಟ್ವಿ. ನೀರು ನಾಲ್ಕೂವರೆ ಸೆಂಟಿಮೀಟರಿಗೆ ಬಂದು ನಿಂತ್ಕೊಂಡು ಬಿಡ್ತು. ಒಂದೂಮುಕ್ಕಾಲು ಇಂಚು. ಹುಡುಗನ ಮುಖ ನೋಡೋಕಾಗ್ಲಿಲ್ಲ. "ಎರಡಿಲ್ಲ ಅಲ್ವಾ ಸಾ" ಅಂದ. ಕಾಲಿಂಚು ಹೋಗಿತ್ತು, ಲೀಟ್ರಲ್ಲಿ ನೋಡಿದ್ರೆ 48 ಇರ್ಬೇಕಿದ್ದದ್ದು 36ಕ್ಕೆ ಬಂದಿತ್ತು, ಕಾಲು ಭಾಗ ನೀರು. ಅವ್ರಪ್ಪ ದೂರದಲ್ಲಿ ಟೊಮೆಟೊ ಬಾಕ್ಸು ಜೋಡಿಸ್ತಾ ಇದ್ರು, ಮಕ್ಳ ಆಟ ಅಂತ ನೋಡ್ತಿದ್ದೋರು ಎದ್ದು ಬಂದು, ಮುಂದಿನ ನಾಟಿ ಎಷ್ಟು ಮಾಡ್ಬಹುದು ಮೇಷ್ಟ್ರೇ ಅಂತ ಕೇಳಿದ್ರು. ಆ ಸಲ ನಾನು ಅರ್ಧ ಗಂಟೆ ಕೂತು ಲೆಕ್ಕ ಹಾಕಿ ಹೇಳ್ದೆ.

ಭಾನುವಾರ ಊರಿಗೆ ಹೋದೆ. ಅಪ್ಪನಿಗೆ ಈಗ ಎಪ್ಪತ್ತು. ಸ್ಟಾರ್ಟ್ರು ರೂಮಿನ ಗೋಡೆ ಅವ್ನ ಡೈರಿ, ಮೋಟ್ರು ಎತ್ತಿದ ತಾರೀಖು, ಕೇಬಲ್ ಹಾಕಿದ್ದು, ಯಾರಿಗೆಷ್ಟು ಕೊಡ್ಬೇಕು, ಎಲ್ಲ ಇದ್ದಲಲ್ಲಿ ಬರ್ದಿದ್ದಾನೆ. ಖಾಲಿ ಜಾಗ ನೋಡಿ ನಾನೂ ಇದ್ದಲಲ್ಲೇ ಬರ್ದೆ, ಒಂದಿಂಚಿಗೆ ಎಂಟೂವರೆ ಲೀಟ್ರು, ಒಂದೂವರೆಗೆ 23, ಎರಡಕ್ಕೆ 48. ಅಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ದ.

"ಅವತ್ತು ಬದುವಿನ ಮೇಲೆ ನಾನು ಅರ್ಧ ಅಂದಿದ್ದು ತಪ್ಪಪ್ಪ" ಅಂದೆ. "ಐದರಲ್ಲಿ ಒಂದು ಪಾಲೂ ಇರ್ಲಿಲ್ಲ. ಮಾರನೇ ವರ್ಷನೇ ನಂಗೆ ಗೊತ್ತಾಗಿತ್ತು."

ಅಪ್ಪ ಗೋಡೆನ ಸ್ವಲ್ಪ ಹೊತ್ತು ನೋಡ್ದ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕ್ಕೊಂಡ.

"ಮುಕ್ಕಾಲಿಂಚು ಬರ್ದಿಲ್ವಲ್ಲ."

"ಅಷ್ಟು ಕಮ್ಮಿಗೆ ಯಾಕಪ್ಪ?"

"ಬರಿ."

ಮೊಬೈಲ್ ತೆಗೆದು ಲೆಕ್ಕ ಹಾಕ್ದೆ. ನಾಲ್ಕು ಲೀಟ್ರು ಚಿಲ್ರೆ. ಒಂದಿಂಚಿನ ಮೇಲ್ಗಡೆ ಜಾಗ ಮಾಡ್ಕೊಂಡು ಬರ್ದೆ. ಅಪ್ಪ ಇದ್ದಲು ಇಸ್ಕೊಂಡು ಅದರ ಪಕ್ಕ ಅವತ್ತಿನ ತಾರೀಖು ಹಾಕ್ದ.